ಬ್ರಿಟನ್‌ನಲ್ಲಿ ಮೊದಲ ಕ್ಯಾರವಾನ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆಯಲ್ಲಿ ಮೋಟಾರ್‌ವೇ ಮೇಲೆ ಕಾರಿನ ಹಿಂದೆ ಬಿಳಿ ಕ್ಯಾರವಾನ್ ಎಳೆದುಕೊಂಡು ಹೋಗುವವರನ್ನು ನೋಡಿ "ನಾವೂ ಒಂದ್ಸಲ ಹೋಗಬೇಕು" ಅಂತ ಅಂದುಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆದರೆ ಶುರು ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ನಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಕೇಳುವ ಪ್ರಶ್ನೆಗಳು ಇಲ್ಲಿವೆ. ಕ್ಯಾರವಾನ್ ಮುಟ್ಟಿಯೂ ನೋಡದವರಿಗಾಗಿ ಬರೆದದ್ದು.

ಟೂರಿಂಗ್ ಕ್ಯಾರವಾನ್ ಅಂದರೆ ಯಾವುದು? ಮೋಟಾರ್‌ಹೋಮ್ ಬೇರೆಯೇ?

ಬೇರೆ. ಮೋಟಾರ್‌ಹೋಮ್‌ಗೆ ಅದರದ್ದೇ ಎಂಜಿನ್ ಇರುತ್ತದೆ. ಟೂರಿಂಗ್ ಕ್ಯಾರವಾನ್ ನಿಮ್ಮ ಕಾರು ಎಳೆಯುವ ಗಾಡಿ. ಸಮುದ್ರದ ದಡದಲ್ಲಿ ಸಾಲಾಗಿ ನಿಂತಿರುತ್ತವಲ್ಲ, ಕದಲದ ದೊಡ್ಡ ಮನೆಗಳು, ಅವು ಸ್ಟ್ಯಾಟಿಕ್ ಕ್ಯಾರವಾನ್. ಟೂರರ್‌ನ ದೊಡ್ಡ ಅನುಕೂಲ ಅಂದರೆ, ಅದನ್ನು ಸೈಟ್‌ನಲ್ಲಿ (ಕ್ಯಾರವಾನ್ ನಿಲ್ಲಿಸಿ ತಂಗುವ ಜಾಗ) ಬಿಟ್ಟು ಬರೀ ಕಾರಿನಲ್ಲಿ ಸುತ್ತಾಡಬಹುದು. ಹಾಲು ತರಲು ಮನೆಯನ್ನೇ ಓಡಿಸಿಕೊಂಡು ಹೋಗಬೇಕಿಲ್ಲ.

ಇದು ಹಳೆಯ ಹವ್ಯಾಸ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಅನ್ನುವ ವೈದ್ಯರು ಬ್ರಿಸ್ಟಲ್‌ನಲ್ಲಿ 'ವಾಂಡರರ್' ಎಂಬ ಗಾಡಿ ಕಟ್ಟಿಸಿ, ಎರಡು ಕುದುರೆ ಹೂಡಿ ಸುಮ್ನೆ ಸುತ್ತಾಟಕ್ಕೆ ಅಂತಲೇ ಹೊರಟರು. ಕ್ಯಾಂಪಿಂಗ್ ಆ್ಯಂಡ್ ಕ್ಯಾರವಾನಿಂಗ್ ಕ್ಲಬ್ 1901ರದ್ದು, ಈಗಿನ ಕ್ಯಾರವಾನ್ ಆ್ಯಂಡ್ ಮೋಟಾರ್‌ಹೋಮ್ ಕ್ಲಬ್ 1907ರದ್ದು. ಇವತ್ತಿಗೂ ಹೊಸಬರಿಗೆ ಈ ಎರಡೇ ಆಸರೆ.

ನನ್ನ ಲೈಸೆನ್ಸ್ ಸಾಕಾ?

ಇಲ್ಲಿನ ಪೂರ್ತಿ ಕಾರ್ ಲೈಸೆನ್ಸ್ ಇದ್ದರೆ ಸಾಕು. 1997ರ ಜನವರಿ 1ರ ನಂತರ ಪಾಸ್ ಆದವರು ಮೊದಲು ಭಾರದ ಕ್ಯಾರವಾನ್‌ಗೆ ಇನ್ನೊಂದು ಟೆಸ್ಟ್ ಕೊಡಬೇಕಿತ್ತು. 2021ರ ಡಿಸೆಂಬರ್ 16ರಿಂದ ಆ ಟೆಸ್ಟ್ ಇಲ್ಲ. 3,500 ಕೆಜಿ ತನಕದ ಟ್ರೇಲರ್ ಎಳೆಯಬಹುದು. ಮನೆಮಂದಿ ಕೊಳ್ಳುವ ಕ್ಯಾರವಾನ್‌ಗಳೆಲ್ಲ ಇದಕ್ಕಿಂತ ಎಷ್ಟೋ ಹಗುರ.

ಹೊಸದಾಗಿ ಊರಿಂದ ಬಂದವರಿಗೆ ಒಂದು ಮಾತು. ಇಲ್ಲಿ ನೆಲೆಸಿದ ಮೇಲೆ ಭಾರತದ ಲೈಸೆನ್ಸ್‌ನಲ್ಲಿ ಕಾರು ಓಡಿಸಲು 12 ತಿಂಗಳ ಅವಕಾಶ ಇದೆ. ಆದರೆ ಅದನ್ನು ಇಲ್ಲಿನದಕ್ಕೆ ನೇರವಾಗಿ ಬದಲಾಯಿಸಿಕೊಡುವುದಿಲ್ಲ, ಟೆಸ್ಟ್ ಕೊಡಲೇಬೇಕು. ಮೊದಲು ಆ ಟೆಸ್ಟ್ ಮುಗಿಸಿ, ಒಂದು ಚಳಿಗಾಲ ಇಲ್ಲಿನ ರಸ್ತೆಗಳಲ್ಲಿ ಓಡಿಸಿ. ಕ್ಯಾರವಾನ್ ಆಮೇಲೆ.

ಬಾಡಿಗೆಗೆ ತಗೊಳ್ಳಲಾ, ಕೊಂಡುಬಿಡಲಾ?

ಮೊದಲ ಸಲ ಬಾಡಿಗೆ. ಇದರಲ್ಲಿ ನನಗೆ ಎರಡು ಮಾತಿಲ್ಲ. ನಿಮ್ಮ ಮನೆಯವರಿಗೆ ಇದು ಹಿಡಿಸುತ್ತದಾ, ಎಷ್ಟು ಹಾಸಿಗೆ ಬೇಕು, ಮಕ್ಕಳಿಗೆ ಬಂಕ್ ಒಗ್ಗುತ್ತದಾ ಅನ್ನುವುದೆಲ್ಲ ಎರಡು ರಾತ್ರಿ ಮಲಗಿದ ಮೇಲೆಯೇ ತಿಳಿಯುವುದು. ಕೆಲವು ಬಾಡಿಗೆಯವರು ತಾವೇ ತಂದು ಸೈಟ್‌ನಲ್ಲಿ ನಿಲ್ಲಿಸಿಕೊಡುತ್ತಾರೆ. ಎಳೆಯುವ ಭಯ ಇರುವವರಿಗೆ ಅದು ಒಳ್ಳೆಯ ದಾರಿ.

ಕೊಳ್ಳುವುದೇ ಆದರೆ, ಹಳೆಯದರಲ್ಲಿ ನೋಡಬೇಕಾದ ಮೊದಲ ವಿಷಯ ತೇವ. ಸೀಟಿನ ಕೆಳಗಿನ ಮೂಲೆ, ಕಿಟಕಿಯ ಅಂಚು, ಹಿಂದಿನ ಗೋಡೆ ಎಲ್ಲವನ್ನೂ ಬೆರಳಿಂದ ಒತ್ತಿ ನೋಡಿ. ಮೆತ್ತಗಾದರೆ, ಮುಗ್ಗಲು ವಾಸನೆ ಬಂದರೆ ಬಿಟ್ಟುಬಿಡಿ. ಡ್ಯಾಂಪ್ ಮೀಟರ್‌ನಲ್ಲಿ ಶೇ. 15ರ ಒಳಗಿದ್ದರೆ ಚಿಂತೆಯಿಲ್ಲ. ಶೇ. 20 ದಾಟಿದರೆ ಒಳಗೆ ಮರ ಕೊಳೆಯುತ್ತಿರಬಹುದು. ಆಮೇಲೆ ಟೈರ್. ಮೇಲ್ಮೈಯ ಪಟ್ಟಿ (ಟ್ರೆಡ್) ಚೆನ್ನಾಗಿ ಕಂಡರೂ ವಯಸ್ಸು ನೋಡಿ. ನಿಂತಲ್ಲೇ ನಿಂತ ಟೈರ್ ಒಳಗಿಂದ ಹಾಳಾಗುತ್ತದೆ. ಐದು ವರ್ಷ ಆಗಿದ್ದರೆ ಬದಲಾಯಿಸುವುದು ಒಳ್ಳೆಯದು, ಏಳು ದಾಟಿದ್ದನ್ನು ಬಳಸಲೇಬಾರದು. ಕ್ರಿಸ್ (ಬ್ರಿಟನ್‌ನ ಕ್ಯಾರವಾನ್ ನೋಂದಣಿ ವ್ಯವಸ್ಥೆ) ನೋಂದಣಿ ಕಾಗದ ಮಾರುವವರ ಹೆಸರಿನಲ್ಲೇ ಇದೆಯಾ ಅಂತ ಕೇಳಿ.

ಇನ್ನೊಂದು ವಿಷಯ ಯಾರೂ ಮೊದಲು ಯೋಚಿಸುವುದಿಲ್ಲ: ನಿಲ್ಲಿಸುವುದೆಲ್ಲಿ? ಹೊಸ ಬಡಾವಣೆಗಳ ಮನೆ ಪತ್ರದಲ್ಲಿ "ಮನೆ ಮುಂದೆ ಕ್ಯಾರವಾನ್ ನಿಲ್ಲಿಸುವಂತಿಲ್ಲ" ಅಂತ ಷರತ್ತು ಇರುವುದುಂಟು. ಕೊಳ್ಳುವ ಮುಂಚೆ ಓದಿ. ಇಲ್ಲದಿದ್ದರೆ ಸ್ಟೋರೇಜ್ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನನ್ನ ಕಾರು ಎಷ್ಟು ಭಾರ ಎಳೆಯುತ್ತದೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಭಾರದ ಲೆಕ್ಕ ತಪ್ಪಿ ಕ್ಯಾರವಾನ್ ಅಪಘಾತ ಆಗುವುದುಂಟು.

ಕಾರಿನ ಬಾಗಿಲ ಕಂಬದ ಮೇಲೋ ಬಾನೆಟ್ ಒಳಗೋ ಒಂದು ಪ್ಲೇಟ್ ಇರುತ್ತದೆ. ಅದರಲ್ಲಿ ಮೇಲಿಂದ ಕೆಳಗೆ ನಾಲ್ಕು ತೂಕಗಳು. ಮೊದಲನೆಯದು ತುಂಬಿದ ಕಾರಿನ ಗರಿಷ್ಠ ತೂಕ. ಎರಡನೆಯದು ಕಾರು, ಕ್ಯಾರವಾನ್ ಎರಡೂ ಸೇರಿದ ಗರಿಷ್ಠ ತೂಕ. ಕೆಳಗಿನ ಎರಡು ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗೆ. ಎರಡನೆಯ ಅಂಕಿಯೇ ಇಲ್ಲದಿದ್ದರೆ ಆ ಕಾರು ಏನನ್ನೂ ಎಳೆಯುವಂತಿಲ್ಲ. ಎಷ್ಟೋ ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ಹೀಗೇ ಇರುತ್ತದೆ. ಮ್ಯಾನ್ಯುಯಲ್‌ನಲ್ಲಿ ಟೋಯಿಂಗ್ ಮಿತಿ ನೋಡದೆ ಟೋಬಾರ್ (ಕ್ಯಾರವಾನ್ ಸಿಕ್ಕಿಸಲು ಕಾರಿನ ಹಿಂದೆ ಹಾಕುವ ಕಬ್ಬಿಣದ ಕೊಂಡಿ) ಹಾಕಿಸಲು ಹೋಗಬೇಡಿ.

ಕ್ಯಾರವಾನ್‌ಗೆ ಎರಡು ತೂಕ. ಫ್ಯಾಕ್ಟರಿಯಿಂದ ಬಂದಾಗಿನ ಖಾಲಿ ತೂಕಕ್ಕೆ 'ಮೈರೋ' ಅನ್ನುತ್ತಾರೆ. ಸಾಮಾನು ತುಂಬಿ ರಸ್ತೆಗಿಳಿಸಬಹುದಾದ ಗರಿಷ್ಠ ತೂಕ 'ಎಂಟಿಪಿಎಲ್‌ಎಂ'. ಇವೆರಡರ ವ್ಯತ್ಯಾಸವೇ ನೀವು ತುಂಬಬಹುದಾದ ಸಾಮಾನು.

ಹೊಸಬರಿಗೆ ಇಲ್ಲಿನ ಕ್ಲಬ್‌ಗಳು ಹೇಳುವ ಮಾತು: ಕ್ಯಾರವಾನ್‌ನ ಎಂಟಿಪಿಎಲ್‌ಎಂ ಕಾರಿನ ಕರ್ಬ್ ತೂಕದ (ಜನ, ಸಾಮಾನು ಇಲ್ಲದ ಕಾರಿನ ತೂಕ) ಶೇ. 85ರ ಒಳಗಿರಲಿ. ಇದು ಕಾನೂನಲ್ಲ, ಅನುಭವದ ಮಾತು. ಕಾರು 1,500 ಕೆಜಿ ಇದ್ದರೆ ಕ್ಯಾರವಾನ್ 1,275 ಕೆಜಿ ದಾಟಬಾರದು. ಆ ಕ್ಯಾರವಾನ್ ಖಾಲಿ ಇದ್ದಾಗಲೇ 1,130 ಕೆಜಿ ಅಂತಿಟ್ಟುಕೊಳ್ಳಿ. ನಿಮಗೆ ಉಳಿದದ್ದು 145 ಕೆಜಿ. ಆನಿಂಗ್ (ಕ್ಯಾರವಾನ್ ಪಕ್ಕಕ್ಕೆ ಕಟ್ಟುವ ಟೆಂಟ್), ಕುರ್ಚಿ, ಮೇಜು, ಹೊದಿಕೆ, ಪಾತ್ರೆ, ನಾಲ್ಕು ಜನರ ಬಟ್ಟೆ, ಮಕ್ಕಳ ಸೈಕಲ್ ಎಲ್ಲ ಇದರೊಳಗೇ ಆಗಬೇಕು. ಕಾರಿಲ್ಲದೆ ಕ್ಯಾರವಾನ್ ಸರಿಸುವ ಮೋಟಾರ್ ಮೂವರ್ ಹಾಕಿಸಿದ್ದರೆ ಅದರ ತೂಕವೂ ಇದರಲ್ಲೇ ಹೋಯಿತು. ನಮ್ಮವರು ಹತ್ತು ಕೆಜಿ ಅಕ್ಕಿ ಚೀಲ, ಕುಕ್ಕರ್, ಕಬ್ಬಿಣದ ಕಾವಲಿ, ಎರಡು ಕ್ರೇಟ್ ನೀರು ಅಂತ ತುಂಬಿಕೊಂಡರೆ ಲೆಕ್ಕ ಬಾಗಿಲಲ್ಲೇ ತಪ್ಪುತ್ತದೆ. ಅಕ್ಕಿ, ನೀರು ಎರಡೂ ಸೈಟ್‌ನ ಹತ್ತಿರದ ಅಂಗಡಿಯಲ್ಲಿ ಸಿಗುತ್ತವೆ. ನೀರಿನ ಟ್ಯಾಂಕ್ ಖಾಲಿ ಮಾಡಿಯೇ ಹೊರಡಿ.

ನೋಸ್ ವೇಟ್ ಅಂದರೇನು?

ಕ್ಯಾರವಾನ್‌ನ ಮೂಗು ಕಾರಿನ ಟೋಬಾಲ್ (ಟೋಬಾರ್ ತುದಿಯ ಗುಂಡು) ಮೇಲೆ ಒತ್ತುವ ಭಾರ. ತುಂಬಿದ ಕ್ಯಾರವಾನ್‌ನ ಶೇ. 5ರಿಂದ 7 ಇರಬೇಕು. 1,300 ಕೆಜಿ ಕ್ಯಾರವಾನ್‌ಗೆ 65ರಿಂದ 91 ಕೆಜಿ. ಅದರ ಮೇಲೆ ಟೋಬಾರ್‌ಗೂ ಕಾರಿಗೂ ತಮ್ಮದೇ ಮಿತಿ ಇರುತ್ತದೆ, ಯಾವುದು ಕಡಿಮೆಯೋ ಅದನ್ನು ಮೀರಬಾರದು. ಅಳೆಯಲು ಚಿಕ್ಕ ಗೇಜ್ ಸಿಗುತ್ತದೆ, ಕೊಳ್ಳಿ.

ಭಾರದ ಸಾಮಾನು ನೆಲದ ಮೇಲೆ, ಆ್ಯಕ್ಸಲ್‌ನ ಹತ್ತಿರ ಇಡಿ. ಮೇಲಿನ ಕಪಾಟಿಗೆ ಬಟ್ಟೆ, ಬ್ರೆಡ್, ಚಿಪ್ಸ್ ಥರದ್ದು ಮಾತ್ರ. ಹಿಂಬದಿಯಲ್ಲಿ ಭಾರ ಹಾಕಿದರೆ ಮೂಗು ಹಗುರಾಗಿ ಕ್ಯಾರವಾನ್ ಬಾಲ ಆಡಿಸಲು ಶುರುಮಾಡುತ್ತದೆ.

ಹಾಗೆ ಓಲಾಡಲು ಶುರುವಾದರೆ ಏನು ಮಾಡಬೇಕು?

ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ತಿರುಗಿಸಿ ಸರಿಮಾಡಲು ಹೋಗಬೇಡಿ. ಆ್ಯಕ್ಸಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಿರಿ, ಸ್ಟೀರಿಂಗ್ ನೇರವಾಗಿ ಗಟ್ಟಿಯಾಗಿ ಹಿಡಿಯಿರಿ. ವೇಗ ಇಳಿದಂತೆ ತಾನಾಗಿಯೇ ನಿಲ್ಲುತ್ತದೆ. ಆಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಸಾಮಾನು ಸರಿಮಾಡಿಕೊಳ್ಳಿ. ಇಳಿಜಾರಿನಲ್ಲಿ, ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋಗುವಾಗ, ಅಡ್ಡಗಾಳಿ ಬೀಸುವಾಗ ಇದು ಜಾಸ್ತಿ. ಪೆನೈನ್ಸ್ ಬೆಟ್ಟ ಹತ್ತಿ ಇಳಿಯುವ ಎಂ62ರಲ್ಲಿ ಗಾಳಿಯ ಎಚ್ಚರಿಕೆ ಇದ್ದ ದಿನ ಹೊರಡಲೇಬೇಡಿ. ಒಂದು ದಿನ ತಡವಾದರೆ ಏನೂ ಹೋಗುವುದಿಲ್ಲ.

ವೇಗದ ಮಿತಿ ಬೇರೆಯಾ?

ಹೌದು. ಸಿಂಗಲ್ ಕ್ಯಾರೇಜ್‌ವೇನಲ್ಲಿ ಗಂಟೆಗೆ 50 ಮೈಲಿ, ಡ್ಯುಯಲ್ ಕ್ಯಾರೇಜ್‌ವೇ ಮತ್ತು ಮೋಟಾರ್‌ವೇನಲ್ಲಿ 60. ಮೂರು ಅಥವಾ ಹೆಚ್ಚು ಲೇನ್ ಇರುವ ಮೋಟಾರ್‌ವೇನಲ್ಲಿ ತೀರಾ ಬಲಗಡೆಯ ಲೇನ್‌ಗೆ ಹೋಗುವಂತಿಲ್ಲ. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಊರೊಳಗಿನ ಹೆಚ್ಚಿನ ರಸ್ತೆಗಳಲ್ಲಿ 20 ಮೈಲಿ ಮಿತಿ, ಅದು ಎಲ್ಲರಿಗೂ.

ಕ್ಯಾರವಾನ್ ಕಾರಿಗಿಂತ ಅಗಲ ಇದ್ದರೆ ಟೋಯಿಂಗ್ ಮಿರರ್ (ಕಾರಿನ ಕನ್ನಡಿಗೆ ಸೇರಿಸುವ ಹೆಚ್ಚುವರಿ ಕನ್ನಡಿ) ಕಡ್ಡಾಯ. ಕಾರಿನ ನಂಬರ್ ಪ್ಲೇಟನ್ನೇ ಕ್ಯಾರವಾನ್ ಹಿಂದೆಯೂ ಹಾಕಬೇಕು. ಓಡುವಾಗ ಕ್ಯಾರವಾನ್ ಒಳಗೆ ಯಾರೂ ಕೂರುವಂತಿಲ್ಲ, ಮಕ್ಕಳು ಎಷ್ಟು ಹಟ ಮಾಡಿದರೂ.

ರಿವರ್ಸ್ ತೆಗೆಯುವುದೇ ನನಗೆ ಭಯ.

ಎಲ್ಲರಿಗೂ ಇರುತ್ತದೆ. ಕೈಯನ್ನು ಸ್ಟೀರಿಂಗ್‌ನ ಕೆಳಭಾಗದಲ್ಲಿ ಇಡಿ. ಕ್ಯಾರವಾನ್‌ನ ಹಿಂಭಾಗ ಎಡಕ್ಕೆ ಹೋಗಬೇಕಾ, ಕೈಯನ್ನು ಎಡಕ್ಕೆ ಒಯ್ಯಿರಿ. ಬಲಕ್ಕೆ ಬೇಕಾ, ಬಲಕ್ಕೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕೈತಪ್ಪಿದರೆ ಮುಂದೆ ಹೋಗಿ ನೇರ ಮಾಡಿಕೊಂಡು ಮತ್ತೆ ಶುರುಮಾಡಿ. ಎರಡೂ ಕ್ಲಬ್‌ಗಳು ಟೋಯಿಂಗ್ ತರಬೇತಿ ಕೊಡುತ್ತವೆ. ಆ ದುಡ್ಡು ಖಂಡಿತ ದಂಡವಲ್ಲ. ಸೈಟ್‌ನಲ್ಲಿ ಪಕ್ಕದವರು ಸಹಾಯಕ್ಕೆ ಬಂದೇ ಬರುತ್ತಾರೆ, ಸಂಕೋಚಪಡದೆ ಕೇಳಿ.

ಮೊದಲ ಪ್ರವಾಸ ಎಲ್ಲಿಗೆ?

ಮನೆಯಿಂದ ಒಂದು, ಒಂದೂವರೆ ಗಂಟೆಯ ದಾರಿ. ಎರಡು ಅಥವಾ ಮೂರು ರಾತ್ರಿ. ಸ್ಕಾಟ್ಲೆಂಡ್‌ನ ಹೈಲ್ಯಾಂಡ್ಸ್, ಕಾರ್ನ್‌ವಾಲ್‌ನ ಇಕ್ಕಟ್ಟು ದಾರಿ ಇವೆಲ್ಲ ಎರಡನೇ ವರ್ಷಕ್ಕೆ ಇರಲಿ. ಹತ್ತಿರ ಇದ್ದರೆ ಮರೆತದ್ದನ್ನು ಹೋಗಿ ತರಬಹುದು. ಮಗುವಿಗೆ ಜ್ವರ ಬಂದರೆ ಕಾರಲ್ಲಿ ಮನೆಗೆ ಬಂದುಬಿಡಬಹುದು.

ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು ಇರುತ್ತದೆ, ಹೊಸಬರಿಗೆ ಆ ಬೆಳಕು ಬಹಳ ದೊಡ್ಡ ಸಹಾಯ. ಶಾಲೆ ರಜೆ, ಬ್ಯಾಂಕ್ ಹಾಲಿಡೇ ವಾರಗಳಲ್ಲಿ ದರವೂ ಜಾಸ್ತಿ, ಜನವೂ ಜಾಸ್ತಿ, ತಿಂಗಳುಗಟ್ಟಲೆ ಮುಂಚೆ ಬುಕ್ ಆಗಿರುತ್ತದೆ.

ದಾರಿ ನೋಡುವಾಗ ಕಾರಿನ ಸ್ಯಾಟ್‌ನ್ಯಾವ್ ನಂಬಬೇಡಿ. ನಿಮ್ಮ ಹಿಂದೆ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ. ನಾರ್ತ್ ಯಾರ್ಕ್‌ಷೈರ್‌ನ ಸಟನ್ ಬ್ಯಾಂಕ್ ಏರಿನಲ್ಲಿ ಕ್ಯಾರವಾನ್‌ಗೆ ಪ್ರವೇಶವೇ ಇಲ್ಲ. ಲೇಕ್ ಡಿಸ್ಟ್ರಿಕ್ಟ್‌ನ ಹಾರ್ಡ್‌ನಾಟ್ ಪಾಸ್ ಮೂರಕ್ಕೆ ಒಂದರ ಏರು, ಅಲ್ಲಿ ಕಾರಿಗೇ ಏದುಸಿರು. ಸೈಟ್‌ನವರು ತಮ್ಮ ವೆಬ್‌ಪುಟದಲ್ಲಿ "ಈ ದಾರಿಯಲ್ಲೇ ಬನ್ನಿ" ಅಂತ ಬರೆದಿರುತ್ತಾರೆ. ಅದನ್ನು ಪ್ರಿಂಟ್ ತೆಗೆದು ಪಕ್ಕದ ಸೀಟಿನವರ ಕೈಗೆ ಕೊಡಿ. ನಿಮ್ಮ ಕ್ಯಾರವಾನ್‌ನ ಎತ್ತರ, ಅಗಲ ಒಂದು ಚೀಟಿಯಲ್ಲಿ ಬರೆದು ಕಣ್ಣಿಗೆ ಕಾಣುವಂತೆ ಅಂಟಿಸಿ.

ಯಾವ ಥರದ ಸೈಟ್ ಆರಿಸಲಿ?

ಸ್ನಾನದ ಮನೆ, ಕರೆಂಟ್, ಗಟ್ಟಿ ನೆಲ ಇರುವ ದೊಡ್ಡ ಸೈಟ್. ಬುಕ್ ಮಾಡುವಾಗ "ಹಾರ್ಡ್‌ಸ್ಟ್ಯಾಂಡಿಂಗ್ ವಿತ್ ಹುಕ್-ಅಪ್" ಅಂತ ಕೇಳಿ. ಮಳೆಯಲ್ಲಿ ಹುಲ್ಲಿನ ಪಿಚ್ (ಸೈಟ್‌ನಲ್ಲಿ ನಿಮ್ಮ ಕ್ಯಾರವಾನ್ ನಿಲ್ಲುವ ಜಾಗ) ಕೆಸರಾದರೆ ಹೊರಗೆಳೆಯುವುದು ಕಷ್ಟ. ರೈತರ ಹೊಲದಲ್ಲಿ ಐದೇ ಕ್ಯಾರವಾನ್‌ಗೆ ಜಾಗ ಇರುವ ಚಿಕ್ಕ ಸೈಟ್‌ಗಳಿವೆ. ಬೆಳಗ್ಗೆ ಎದ್ದರೆ ಕುರಿಮಂದೆ ಬಿಟ್ಟರೆ ಬೇರೆ ಸದ್ದಿಲ್ಲ, ನನಗಂತೂ ಅವೇ ಇಷ್ಟ. ಆದರೆ ಅಲ್ಲಿ ಹೆಚ್ಚಾಗಿ ಒಂದು ನಲ್ಲಿ, ಒಂದು ಟಾಯ್ಲೆಟ್ ಖಾಲಿ ಮಾಡುವ ಜಾಗ ಅಷ್ಟೇ ಇರುತ್ತದೆ. ಕೈ ಪಳಗಿದ ಮೇಲೆ ಹೋಗಿ.

ಮಧ್ಯಾಹ್ನವೇ ತಲುಪುವಂತೆ ಹೊರಡಿ. ಕತ್ತಲಲ್ಲಿ ಮೊದಲ ಸಲ ಪಿಚ್ ಮಾಡುವ ಕಷ್ಟ ಯಾರಿಗೂ ಬೇಡ.

ತಲುಪಿದ ಮೇಲೆ ಮೊದಲು ಏನು?

ಎಡ-ಬಲ ಸಮ ಮಾಡುವುದು ಮೊದಲು. ತಗ್ಗಿರುವ ಚಕ್ರದ ಕೆಳಗೆ ರ‍್ಯಾಂಪ್ ಇಟ್ಟು ಹತ್ತಿಸಿ. ಕ್ಯಾರವಾನ್‌ನ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಇಟ್ಟು, ಆಮೇಲೆ ಕಾರು ಬಿಚ್ಚಿ. ಹಿಂದೆ-ಮುಂದೆ ಸಮ ಮಾಡುವುದು ಮುಂದಿನ ಜಾಕಿ ವೀಲ್‌ನಿಂದ (ಹಿಡಿ ತಿರುಗಿಸಿ ಏರಿಸಿ ಇಳಿಸುವ ಚಿಕ್ಕ ಚಕ್ರ). ಕೊನೆಗೆ ನಾಲ್ಕು ಮೂಲೆಯ ಸ್ಟೆಡಿ (ಆಧಾರದ ಕಾಲು) ಇಳಿಸಿ. ಅವು ಕ್ಯಾರವಾನ್ ಅಲುಗದಂತೆ ಹಿಡಿಯಲು ಇರುವಂಥವು, ಎತ್ತಲು ಅಲ್ಲ. ಜ್ಯಾಕ್ ಅಂತ ಬಳಸಿದರೆ ತಳವೇ ಬಾಗುತ್ತದೆ.

ಕರೆಂಟ್ ಕೇಬಲ್ ಮೊದಲು ಕ್ಯಾರವಾನ್‌ಗೆ, ಆಮೇಲೆ ಸೈಟ್‌ನ ಕಂಬಕ್ಕೆ. ಬಿಚ್ಚುವಾಗ ಉಲ್ಟಾ. ಉಳಿದ ಕೇಬಲ್ ಸುರುಳಿ ಸುತ್ತಿಡಬೇಡಿ, ಬಿಸಿಯಾಗಿ ಕರಗುತ್ತದೆ. ಪೂರ್ತಿ ಬಿಚ್ಚಿ ಕ್ಯಾರವಾನ್ ಕೆಳಗೆ ಹರಡಿಬಿಡಿ.

ಮಿಕ್ಸಿ, ರೈಸ್ ಕುಕ್ಕರ್, ಇಂಡಕ್ಷನ್ ಒಲೆ ಎಲ್ಲ ಒಯ್ಯಬಹುದಾ?

ಒಯ್ಯಬಹುದು, ಆದರೆ ಒಟ್ಟಿಗೆ ಹಾಕುವಂತಿಲ್ಲ. ಸೈಟ್‌ನಲ್ಲಿ 16 ಆ್ಯಂಪ್ ಕೊಟ್ಟರೆ ಸುಮಾರು 3,680 ವ್ಯಾಟ್. ಕೆಲವು ಕಡೆ 10 ಆ್ಯಂಪ್, ಅಂದರೆ 2,300 ವ್ಯಾಟ್. ಮನೆಯ 3 ಕಿಲೋವ್ಯಾಟ್ ಕೆಟಲ್ ಒಂದೇ ಸಾಕು, 10 ಆ್ಯಂಪ್ ಟ್ರಿಪ್ ಆಗಲು. ಹೀಟರ್ ಓಡುತ್ತಿರುವಾಗ ಮಿಕ್ಸಿ, ಕೆಟಲ್ ಎರಡೂ ಹಾಕಿದರೆ ಕತ್ತಲೆ ಖಚಿತ. ಕಡಿಮೆ ವ್ಯಾಟ್‌ನ ಕ್ಯಾರವಾನ್ ಕೆಟಲ್ ಸಿಗುತ್ತದೆ. ಚಟ್ನಿ, ಮಸಾಲೆ ಮನೆಯಲ್ಲೇ ರುಬ್ಬಿ ಫ್ರಿಜ್‌ಗೆ ಹಾಕಿ ಒಯ್ಯಿರಿ. ಫ್ರಿಜ್ ಅನ್ನು ಹಿಂದಿನ ರಾತ್ರಿಯೇ ಮನೆ ಕರೆಂಟಿಗೆ ಹಾಕಿ ತಂಪು ಮಾಡಿಡಿ.

ಅಡುಗೆಗೆ ಗ್ಯಾಸ್ ಒಲೆ ಇರುತ್ತದೆ. ಅನ್ನ, ಸಾರು, ಉಪ್ಪಿಟ್ಟು, ಚಿತ್ರಾನ್ನ ಯಾವುದಕ್ಕೂ ತೊಂದರೆಯಿಲ್ಲ. ಒಗ್ಗರಣೆ ಹಾಕುವ ಮುಂಚೆ ಮೇಲಿನ ರೂಫ್‌ಲೈಟ್ (ಛಾವಣಿಯ ಕಿಟಕಿ) ತೆರೆಯಿರಿ. ಇಲ್ಲದಿದ್ದರೆ ಅಲಾರಂ ಕೂಗುತ್ತದೆ, ಮೆಣಸಿನಕಾಯಿ ಘಾಟಿಗೆ ಮನೆಮಂದಿಯೆಲ್ಲ ಹೊರಗೆ. ಪರದೆ, ಸೀಟಿನ ಬಟ್ಟೆ ಒಗ್ಗರಣೆ ವಾಸನೆಯನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತವೆ. ಬಾಡಿಗೆ ಕ್ಯಾರವಾನ್ ಆದರೆ ಅರಿಸಿನದ ಕಲೆಯ ಬಗ್ಗೆಯೂ ನಿಗಾ ಇರಲಿ, ಬಿಳಿ ಪ್ಲಾಸ್ಟಿಕ್ ಸಿಂಕ್ ಮೇಲೆ ಬಿದ್ದರೆ ಹೋಗುವುದಿಲ್ಲ. ಕರಿಯುವುದು, ಬಜ್ಜಿ ಬೋಂಡ ಇಷ್ಟು ಚಿಕ್ಕ ಜಾಗದಲ್ಲಿ ಬೇಡವೇ ಬೇಡ. ಬಿಸಿ ಎಣ್ಣೆ ಚೆಲ್ಲಿದರೆ ಸರಿಯಲೂ ಜಾಗ ಇರುವುದಿಲ್ಲ.

ಗ್ಯಾಸ್ ಸಿಲಿಂಡರ್ ಯಾವುದು?

ಕ್ಯಾಲರ್ ಕಂಪನಿಯದಾದರೆ ನೀಲಿ ಬಣ್ಣದ್ದು ಬ್ಯೂಟೇನ್, ಕೆಂಪು ಪ್ರೊಪೇನ್. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಗ್ಯಾಸ್ ಆಗುವುದೇ ಇಲ್ಲ. ವಸಂತದ ಶುರುವಿನಲ್ಲೋ ಚಳಿಗಾಲದಲ್ಲೋ ಹೋಗುವವರಿಗೆ ಪ್ರೊಪೇನ್ ಬೇಕು. ಓಡುವಾಗ ಸಿಲಿಂಡರ್ ಆಫ್ ಇರಲಿ.

ಕ್ಯಾರವಾನ್ ನೆಲದಲ್ಲೂ ಮೇಲೆಯೂ ಗಾಳಿಯಾಡಲು ಕಿಂಡಿಗಳಿರುತ್ತವೆ. ಚಳಿ ಅಂತ ಅವುಗಳಿಗೆ ಬಟ್ಟೆ ತುರುಕಬೇಡಿ. ಇದ್ದಿಲಿನ ಬಾರ್ಬೆಕ್ಯೂ ಆರಿದಂತೆ ಕಂಡರೂ ಆನಿಂಗ್ ಒಳಗೆ ತರಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅಲಾರಂ ಇದೆಯಾ, ಬಟನ್ ಒತ್ತಿದರೆ ಕೂಗುತ್ತದಾ ಅಂತ ಮೊದಲ ರಾತ್ರಿಯೇ ನೋಡಿ.

ಟಾಯ್ಲೆಟ್ ಹೇಗೆ? ನಮಗೆ ನೀರು ಬೇಕಲ್ಲ?

ನಾಚಿಕೆಯಿಂದ ಯಾರೂ ಕೇಳುವುದಿಲ್ಲ, ಆದರೆ ಎಲ್ಲರಿಗೂ ಬೇಕಾದ ಪ್ರಶ್ನೆ. ಟಾಯ್ಲೆಟ್ ಕೆಳಗೆ ಸೂಟ್‌ಕೇಸ್‌ನಂಥ ಕ್ಯಾಸೆಟ್ ಇರುತ್ತದೆ. ಸುಮಾರು 17ರಿಂದ 20 ಲೀಟರ್ ಹಿಡಿಯುತ್ತದೆ. ಕಾಗದ ಬಳಸುವವರ ಲೆಕ್ಕದಲ್ಲಿ ಮಾಡಿದ್ದು. ಚೊಂಬಿನಲ್ಲಿ ನೀರು ಬಳಸಿದರೆ ನಾಲ್ಕು ಜನರ ಕುಟುಂಬಕ್ಕೆ ಒಂದೇ ದಿನದಲ್ಲಿ ತುಂಬುತ್ತದೆ. ನೀರು ಚಿಮ್ಮಿಸುವ ಚಿಕ್ಕ ಬಾಟಲಿ (ಹ್ಯಾಂಡ್ ಬಿಡೆ) ಇಟ್ಟುಕೊಂಡರೆ ನೀರು ಬಹಳ ಉಳಿಯುತ್ತದೆ. ಹಗಲಲ್ಲಿ ಸೈಟ್‌ನ ಟಾಯ್ಲೆಟ್ ಬಳಸಿ, ಕ್ಯಾರವಾನ್‌ನದ್ದು ರಾತ್ರಿಗೆ ಇರಲಿ.

ದಿನಕ್ಕೊಮ್ಮೆ, ಕೆಂಪು ದೀಪ ಬರುವ ಮುಂಚೆಯೇ, ಹೊರಗಿನ ಚಿಕ್ಕ ಬಾಗಿಲಿನಿಂದ ಕ್ಯಾಸೆಟ್ ಎಳೆದು 'ಎಲ್ಸನ್ ಪಾಯಿಂಟ್'ಗೆ (ಸೈಟ್‌ನಲ್ಲಿ ಟಾಯ್ಲೆಟ್ ಖಾಲಿ ಮಾಡುವ ಜಾಗ) ಒಯ್ಯಿರಿ. ಸುರಿಯುವಾಗ ಹೆಬ್ಬೆರಳಿನಿಂದ ಗಾಳಿಯ ಬಟನ್ ಒತ್ತಿಹಿಡಿಯಿರಿ, ಆಗ ಗುಳುಗುಳು ಅಂತ ಚಿಮ್ಮುವುದಿಲ್ಲ. ತೊಳೆದು, ಸ್ವಲ್ಪ ನೀರು, ಟಾಯ್ಲೆಟ್ ದ್ರವ ಹಾಕಿ ಮತ್ತೆ ಸೇರಿಸಿ. ವೆಟ್ ವೈಪ್ ಒಳಗೆ ಹಾಕಲೇಬೇಡಿ. ಪಾತ್ರೆ ತೊಳೆದ ನೀರು ಹೊರಗಿನ ಡ್ರಮ್‌ಗೆ ಬೀಳುತ್ತದೆ. ಸಾರಿನ ಬೇಳೆ, ಕರಿಬೇವು ಮೊದಲೇ ಒರೆಸಿ ಕಸಕ್ಕೆ ಹಾಕಿ, ಪೈಪ್ ಬಹಳ ಸಣ್ಣದು.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ. ಹೋಟೆಲ್ ಊಟ ಒಗ್ಗದವರಿಗೆ, ಸಮಯಕ್ಕೆ ಸರಿಯಾಗಿ ಕಾಫಿ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪ್ರವಾಸ ಇಲ್ಲ. ಆದರೆ ಹಾಸಿಗೆ ನೋಡಿ ಆರಿಸಿ. ಹಗಲು ಸೋಫಾ, ರಾತ್ರಿ ಹಾಸಿಗೆ ಆಗುವ ಕ್ಯಾರವಾನ್‌ನಲ್ಲಿ ಅವರು ಮಧ್ಯಾಹ್ನ ಒರಗಲು ಜಾಗ ಇರುವುದಿಲ್ಲ. ಫಿಕ್ಸೆಡ್ ಬೆಡ್ ಇರುವುದನ್ನೇ ತಗೊಳ್ಳಿ, ಗೋಡೆಗೆ ಅಂಟಿಕೊಂಡ ಮೂಲೆಯನ್ನು ಅವರಿಗೆ ಕೊಡಬೇಡಿ, ರಾತ್ರಿ ಎದ್ದೇಳುವುದು ಕಷ್ಟ. ಬಾಗಿಲಿಗೆ ಎರಡು ಮೆಟ್ಟಿಲಿನ ಅಗಲದ ಸ್ಟೆಪ್, ಹಿಡಿಯಲು ಕಂಬಿ ಇರಲಿ. ಟಾಯ್ಲೆಟ್ ಬ್ಲಾಕ್ ಹತ್ತಿರದ ಪಿಚ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಕಾರಿನಲ್ಲಿ ಐದೇ ಸೀಟ್ ಅನ್ನುವುದು ನೆನಪಿರಲಿ.

ಹೊರಡುವ ದಿನ ಮರೆಯುವಂಥದ್ದು ಏನು?

ರೂಫ್‌ಲೈಟ್, ಕಿಟಕಿ ಮುಚ್ಚುವುದು. ಮೆಟ್ಟಿಲು ಒಳಗೆ ಹಾಕುವುದು. ಸ್ಟೆಡಿ ಎತ್ತುವುದು. ಹಿಚ್ (ಕ್ಯಾರವಾನ್ ಅನ್ನು ಟೋಬಾಲ್‌ಗೆ ಸೇರಿಸುವ ಕೊಂಡಿ) ಕೂತಿದೆಯಾ ಅಂತ ನೋಡಲು ಜಾಕಿ ವೀಲ್ ತುಸು ತಿರುಗಿಸಿ. ಕಾರಿನ ಹಿಂಭಾಗ ಜೊತೆಗೇ ಏಳಬೇಕು. ಏಳದಿದ್ದರೆ ಹಿಚ್ ಕಚ್ಚಿಲ್ಲ ಅಂತಲೇ ಅರ್ಥ. ಬ್ರೇಕ್‌ಅವೇ ಕೇಬಲ್ (ಕ್ಯಾರವಾನ್ ಕಳಚಿದರೆ ಅದರ ಬ್ರೇಕ್ ಎಳೆಯುವ ತಂತಿ) ಸಿಕ್ಕಿಸಿ, 13 ಪಿನ್‌ನ ಪ್ಲಗ್ ಹಾಕಿ, ಹಿಂದೆ ನಿಂತು ದೀಪಗಳನ್ನು ಒಂದೊಂದಾಗಿ ನೋಡಿ. ಕೊನೆಗೆ ಕ್ಯಾರವಾನ್‌ನ ಹ್ಯಾಂಡ್‌ಬ್ರೇಕ್ ಬಿಡಿಸುವುದು. ಇದೆಲ್ಲ ಒಬ್ಬರೇ ಮಾಡಿ, ಇನ್ನೊಬ್ಬರು ಚೀಟಿ ಹಿಡಿದು ಓದಲಿ. ಮಧ್ಯೆ ಯಾರೂ ಮಾತಾಡಿಸುವುದು ಬೇಡ.

ಮನೆಗೆ ಬಂದ ಮೇಲೆ?

ಫ್ರಿಜ್ ಒರೆಸಿ, ಬಾಗಿಲು ತೆರೆದೇ ಬಿಡಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಕ್ಯಾಸೆಟ್ ತೊಳೆದು ಒಣಗಿಸಿ. ಅಕ್ಟೋಬರ್ ಆದರೆ, ಹಿಮ ಬೀಳುವ ಮುಂಚೆ ಪೈಪು, ಬಿಸಿನೀರಿನ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಒಳಗೆ ನೀರು ಉಳಿದರೆ ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ. ಖಾಲಿ ಮಾಡಿದ ಮೇಲೂ ನಲ್ಲಿಗಳನ್ನು ತೆರೆದೇ ಬಿಡಿ. ಬಿಸಿನೀರು, ತಣ್ಣೀರು ಎರಡೂ ಬರುವ ಒಂದೇ ನಲ್ಲಿಯಾದರೆ ಹಿಡಿಯನ್ನು ನಡುವೆ ನಿಲ್ಲಿಸಿ.